ಮೈಯಲ್ಲಿ ಉಳಿದ ಗಾಳಿ

ಜನವರಿ 14

ತಮ್ಮಾ,

ನಿನ್ನ ಕಾಗದ ಬಂತು. ಅರ್ಧ ಪುಟ ಬೈಗುಳ, ಅರ್ಧ ಪುಟ ಗ್ರೀಸಿನ ಕಲೆ. ವಾರಕ್ಕೆ ಎರಡೇ ಸಲ ಟಪಾಲಿನ ದೋಣಿ ಬರುವ ಜಾಗದಲ್ಲಿ ಕೂತವನು ಅಕ್ಕನನ್ನು ಆಡಿಕೊಳ್ಳಲು ಅಷ್ಟು ಕಾಗದ ದಂಡ ಮಾಡಬಾರದು.

ಮುಳುಗುವವರ ಲೆಕ್ಕ ಹಾಕುವ ಒಂದು ಪ್ರೋಗ್ರಾಂ ಬರೆಯಲು ಎಂಟು ತಿಂಗಳು ಬೇಕೇ, ನಾವು ಹಳೆಯ ಕೋಷ್ಟಕದ ಪುಸ್ತಕದಲ್ಲಿ ಬೆರಳಿಟ್ಟು ಎರಡು ನಿಮಿಷದಲ್ಲಿ ನೋಡುತ್ತೇವೆ ಎಂದು ಕೇಳಿದ್ದೀಯ. ಕೇಳು. ನನ್ನ ಕೈಗೆ ಬರುವುದು ಒಂದು ಪಟ್ಟಿ. ಯಾರು, ಎಷ್ಟು ಆಳ, ಎಷ್ಟು ನಿಮಿಷ. ಅದರ ಒಂದೊಂದು ಸಾಲನ್ನೂ ನಾನು ಉತ್ತರವಾಗಿ ಬದಲಿಸಿ ಕೊಡಬೇಕು: ಮೇಲೆ ಬರುವಾಗ ದಾರಿಯಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಅಂತ. ಪ್ರತಿ ಸಾಲೂ ತನ್ನ ಪಾಡಿಗೆ ತಾನಿದ್ದರೆ ಅದು ಮಕ್ಕಳಾಟ, ಸಾಲಾಗಿಟ್ಟ ಅಂಗಿಗಳಿಗೆ ಗುಂಡಿ ಹೊಲಿದಷ್ಟೇ ಸುಲಭ. ಆದರೆ ನೀರಿನಡಿಯ ಒತ್ತಡದಲ್ಲಿ ಉಸಿರಾಡಿದ ಗಾಳಿ ಮೈಯೊಳಗೆ ಕರಗಿ ಉಳಿಯುತ್ತದೆ, ಸಾಕಷ್ಟು ನಿಲ್ಲದೆ ಮೇಲೆ ಬಂದರೆ ರಕ್ತದಲ್ಲಿ ಗುಳ್ಳೆಯಾಗುತ್ತದೆ ಎಂದು ನನಗೆ ಹೇಳಿಕೊಟ್ಟವನು ನೀನೇ. ಬೆಳಗ್ಗೆ ಮುಳುಗಿದವನು ಮಧ್ಯಾಹ್ನ ಮತ್ತೆ ಇಳಿದರೆ ಬೆಳಗಿನದು ಇನ್ನೂ ಮೈಯಲ್ಲೇ ಇರುತ್ತದೆ. ಹಾಗಾಗಿ ಒಂದು ಸಾಲಿನಿಂದ ಮುಂದಿನ ಸಾಲಿಗೆ ದಾಟುವಾಗ ಒಬ್ಬೊಬ್ಬನ ಆ ಉಳಿಕೆಯನ್ನು ಕೈಯಲ್ಲಿ ಹಿಡಿದುಕೊಂಡೇ ದಾಟಬೇಕು.

ಬೇರೆಯವರಾದರೆ ಗೋಡೆಗೆ ಒಂದು ಹಲಗೆ ತಗುಲಿಸಿ, ಉಳಿಕೆಯನ್ನು ಅದರಲ್ಲಿ ಬರೆದು, ಒರೆಸಿ, ಮತ್ತೆ ಬರೆಯುತ್ತಾರೆ. ನಾನು ಮಾಡುವ ಬಗೆಯ ಪ್ರೋಗ್ರಾಮಿಂಗಿನಲ್ಲಿ ಒರೆಸುವ ಬಟ್ಟೆಯೇ ಇಲ್ಲ. ಫಂಕ್ಷನ್ ಎಂಬುದೊಂದು ಪುಟ್ಟ ಯಂತ್ರ ಅಂದುಕೋ. ಅದಕ್ಕೆ ಒಂದು ಸಾಲನ್ನೂ ಹಿಂದಿನ ಉಳಿಕೆಯನ್ನೂ ಜೊತೆಯಲ್ಲಿ ಕೊಡಬೇಕು. ಅದು ಉತ್ತರವನ್ನೂ ಹೊಸ ಉಳಿಕೆಯನ್ನೂ ಜೊತೆಯಲ್ಲಿ ವಾಪಸ್ಸು ಕೊಡುತ್ತದೆ. ಹೊಸ ಉಳಿಕೆ ಮುಂದಿನ ಸಾಲಿನ ಪಾಲಿಗೆ. ಪಟ್ಟಿ ಮುಗಿಯುವ ತನಕ ಹೀಗೇ. ನಾವು ಇದನ್ನು ಸ್ಥಿತಿ ಎನ್ನುತ್ತೇವೆ, ನೀವು ಮೈಗಾಳಿ ಎನ್ನುತ್ತೀರಿ. ನಿಮ್ಮ ಹೆಸರೇ ಚೆನ್ನಾಗಿದೆ.

ಹತ್ತು ದಿನದಲ್ಲಿ ನಿಮ್ಮ ಕೈ ಸೇರುತ್ತದೆ. ಆಮೇಲೆ ಬೈಯಿ.

ಅಕ್ಕ


ಜನವರಿ 30

ಅಕ್ಕಾ,

ಬಂತು. ಬೈಯಲು ಏನೂ ಸಿಗದೆ ಬೇಜಾರಾಗಿದೆ. ಹಳೆಯ ಪುಸ್ತಕದ ಮೂವತ್ತು ಲೆಕ್ಕಗಳನ್ನು ಹಾಕಿ ನೋಡಿದೆ, ಮೂವತ್ತೂ ಸರಿ. ಪುಸ್ತಕವನ್ನು ತಗಡಿನ ಪೆಟ್ಟಿಗೆಯಲ್ಲಿ ಹಾಕಿಟ್ಟಿದ್ದೇನೆ.

ಇಲ್ಲಿ ಸೇತುವೆಯ ಕಂಬಗಳ ಬುಡ ನೋಡುವ ಕೆಲಸ. ನದಿ ಸಮುದ್ರ ಸೇರುವ ಜಾಗ, ಒಂದು ಮೊಳ ಕೆಳಗೆ ಹೋದರೆ ಕೈ ಕಾಣುವುದಿಲ್ಲ. ಇಳಿಯುವುದು ಅವರು, ಮೇಲೆ ಕೂತು ಕಿವಿಗೆ ಫೋನು ಸಿಕ್ಕಿಸಿಕೊಂಡು ನಿಮಿಷ ಎಣಿಸುವುದು ನಾನು. ಮೇಲ್ವಿಚಾರಕ ಎಂಬ ದೊಡ್ಡ ಹೆಸರಿನ ಕೆಲಸ ಇಷ್ಟೇ. ನನ್ನ ಮುಳುಗುಗಾರರಲ್ಲಿ ಕೊಕ್ಕರೆ ಅಂತ ಒಬ್ಬನಿದ್ದಾನೆ, ಹಿಂದೆ ಬರೆದಿದ್ದೆನಲ್ಲ. ಕಾಲು ಎಷ್ಟುದ್ದ ಎಂದರೆ ಕಂಪನಿ ಕೊಡುವ ಉಣ್ಣೆಯ ಷರಾಯಿ ಮೊಣಕಾಲಿಗೇ ಮುಗಿಯುತ್ತದೆ. ಅವನ ಹೆಂಡತಿ ದರ್ಜಿ, ಕೆಳಗೆ ಒಂದು ಗೇಣು ಕೆಂಪು ಬಟ್ಟೆ ಸೇರಿಸಿ ಹೊಲಿದುಕೊಟ್ಟಿದ್ದಾಳೆ. ಆರು ವರ್ಷದಿಂದ ಅವನು ಕೆಳಗೆ, ನಾನು ಮೇಲೆ. ಫೋನಿನಲ್ಲಿ ಅವನ ಉಸಿರು ಕೇಳಿದರೆ ಸಿಟ್ಟಿನಲ್ಲಿದ್ದಾನೋ, ಚಳಿಯೋ, ಸುಮ್ಮನೆ ಕೆಲಸ ಎಳೆಯುತ್ತಿದ್ದಾನೋ ಹೇಳಿಬಿಡುತ್ತೇನೆ.

ಪ್ರೋಗ್ರಾಂ ಬರೆದದ್ದು ನಮ್ಮಕ್ಕ ಎಂದೆ. ಅದಕ್ಕೆ ಅವನು, "ಹಾಗಾದ್ರೆ ನನ್ನ ಜೀವ ನಿಮ್ಮಕ್ಕನ ಕೈಯಲ್ಲಿದೆ ಅನ್ನು. ಅವರ ಕೈ ಅಡುಗೆ ಹೇಗಿರುತ್ತೆ, ಅದನ್ನ ಹೇಳು ಮೊದಲು," ಅಂದ. ನಿಜ ಹೇಳಿದರೆ ನೀರಿಗೇ ಇಳಿಯುವುದಿಲ್ಲ ಎಂದು ಸುಳ್ಳು ಹೇಳಿದ್ದೇನೆ.

ಮುಂದಿನ ವಾರದಿಂದ ನಾವು ಕೂರುವ ಚಪ್ಪಟೆ ದೋಣಿಯಂಥದೇ ಇನ್ನೊಂದು ಬಾರ್ಜು ಬರುತ್ತದಂತೆ. ನಾವು ದಕ್ಷಿಣದ ಕಂಬಗಳಿಗೆ, ಅವರು ಉತ್ತರದವಕ್ಕೆ.

ತಮ್ಮ


ಫೆಬ್ರುವರಿ 12

ತಮ್ಮಾ,

ಅವಸರದಲ್ಲಿ ಬರೆಯುತ್ತಿದ್ದೇನೆ. ಎರಡು ಬಾರ್ಜು ಎಂದು ನೀನು ಬರೆದೆ, ಅದೇ ವಾರ ನಿಮ್ಮ ಕಂಪನಿಯವರೂ ಕೇಳಿದರು. ಈಗ ಎರಡು ಕಡೆಯ ಹಾಳೆಗಳೂ ಒಂದೇ ಪರದೆಯಲ್ಲಿ ಕಾಣುವ ಹಾಗೆ ಮಾಡಿದ್ದೇನೆ. ಬಾರ್ಜಿಗೊಂದು ಪಟ್ಟಿ, ಎರಡಕ್ಕೂ ಅದೇ ಫಂಕ್ಷನ್. ಮೊದಲಿಗಿಂತ ಬೇಗ ಓಡುತ್ತದೆ. ನಾಲ್ಕು ದಿನದಲ್ಲಿ ಮುಗಿಸಿದೆ ಎಂದು ನಮ್ಮ ಮುಖ್ಯಸ್ಥರು ಎಲ್ಲರೆದುರು ಹೊಗಳಿದರು. ಪಕ್ಕದ ಮೇಜಿನವಳು ಮುಖ ಗಂಟು ಹಾಕಿಕೊಂಡಳು.

ಕೊಕ್ಕರೆಗೆ ಹೇಳು, ನನ್ನ ಅಡುಗೆಯೂ ಪರವಾಗಿಲ್ಲ.

ಅಕ್ಕ


ಮಾರ್ಚ್ 6

ಅಕ್ಕಾ,

ಮಂಗಳವಾರ ಕೊಕ್ಕರೆಗೆ ಅಪಘಾತವಾಯಿತು. ಜೀವ ಇದೆ. ಅದನ್ನು ಮೊದಲು ಬರೆದುಬಿಡುತ್ತೇನೆ.

ಅವತ್ತು ಬೆಳಗ್ಗೆ ಅವನನ್ನು ಉತ್ತರದ ಬಾರ್ಜಿಗೆ ಕಳಿಸಿದ್ದೆವು. ಇಪ್ಪತ್ತೇಳು ಮೀಟರ್ ಆಳದಲ್ಲಿ ಅರ್ಧ ಗಂಟೆ ಇದ್ದು ಬಂದಿದ್ದ. ನಮ್ಮ ಕಡೆ ಇಳಿಯಬೇಕಾದವನಿಗೆ ಕಿವಿನೋವು ಶುರುವಾಯಿತು, ಅದಕ್ಕೆ ಊಟವಾದ ಮೇಲೆ ಕೊಕ್ಕರೆಯನ್ನು ವಾಪಸ್ಸು ಕರೆಸಿದೆ. ಅದೇ ಆಳ, ನಲವತ್ತು ನಿಮಿಷ. ಪರದೆಯಲ್ಲಿ ಅವನ ಬೆಳಗಿನ ಮುಳುಗು ಉತ್ತರದ ಹಾಳೆಯಲ್ಲಿತ್ತು, ನನ್ನ ಕಣ್ಣಿಗೇ ಕಾಣುತ್ತಿತ್ತು. ಮಧ್ಯಾಹ್ನದ್ದನ್ನು ನಮ್ಮ ಹಾಳೆಯಲ್ಲಿ ತುಂಬಿದೆ. ಬರುವಾಗ ಏಳು ನಿಮಿಷ ನಿಲ್ಲಬೇಕು ಎಂದು ತೋರಿಸಿತು.

ಏಳು ಕಡಿಮೆ ಅನ್ನಿಸಿತು. ಪುಸ್ತಕ ಪೆಟ್ಟಿಗೆಯಲ್ಲಿತ್ತು, ಪೆಟ್ಟಿಗೆಯ ಮೇಲೆ ಯಾರೋ ಹಗ್ಗದ ಸುರುಳಿ ಹೇರಿದ್ದರು. ಎತ್ತಿ ಆಚೆಗಿಟ್ಟಿದ್ದರೆ ಮುಗಿಯುತ್ತಿತ್ತು. ಇಡಲಿಲ್ಲ. ಅಕ್ಕ ಬರೆದದ್ದು, ನನಗಿಂತ ಚೆನ್ನಾಗಿ ನೋಡಿರುತ್ತದೆ ಎಂದುಕೊಂಡೆ.

ಕೆಳಗಿನಿಂದ ಅವನು ಎಷ್ಟು ಎಂದು ಕೇಳಿದ. ಏಳು ಎಂದೆ. ಸ್ವಲ್ಪ ಹೊತ್ತು ಬರೀ ಉಸಿರು. ಆಮೇಲೆ, "ಏಳಾ? ಸರಿಯಾಗಿ ನೋಡಿದ್ಯಾ?" ಅಂದ.

"ನೋಡಿದೀನಿ, ಬಾ," ಅಂದೆ.

ಬಂದ. ಹೆಲ್ಮೆಟ್ ತೆಗೆದಾಗ ನಗುತ್ತಲೇ ಇದ್ದ. ಕಾಲು ಗಂಟೆ ಕಳೆದ ಮೇಲೆ ಭುಜ ಉಜ್ಜಿಕೊಳ್ಳತೊಡಗಿದ. ಮತ್ತೆ ಸ್ವಲ್ಪ ಹೊತ್ತಿಗೆ ಕಾಲು ಜುಮುಗುಟ್ಟುತ್ತಿದೆ ಎಂದ. ಚಹಾದ ಲೋಟ ಕೆಳಗಿಡಲು ಬಗ್ಗಿದವನು ಹಾಗೇ ಕುಸಿದು ಕೂತ, ಏಳಲು ಆಗಲಿಲ್ಲ. ಇಂಥವರನ್ನು ಒಳಗಿಟ್ಟು ಮತ್ತೆ ಒತ್ತಡ ಏರಿಸಿ ಗುಳ್ಳೆ ಕರಗಿಸುವ ಉಕ್ಕಿನ ಕೋಣೆ ಇರುವುದು ಉತ್ತರದ ಬಾರ್ಜಿನಲ್ಲಿ. ಆ ಹೊತ್ತಿಗೆ ಮಂಜು ಕವಿದಿತ್ತು. ಹತ್ತು ನಿಮಿಷದ ದಾರಿಗೆ ಒಂದೂಕಾಲು ಗಂಟೆ ಹಿಡಿಯಿತು. ದಾರಿಯುದ್ದಕ್ಕೂ ಅವನ ಎರಡು ಪಾದಗಳನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು ತಿಕ್ಕುತ್ತಿದ್ದೆ. ತಿಕ್ಕುತ್ತಿರುವುದು ಅವನಿಗೆ ಗೊತ್ತಾಗುತ್ತಿರಲಿಲ್ಲ.

ಗುಳ್ಳೆಗಳು ಬೆನ್ನುಹುರಿಯನ್ನು ಕೆಡಿಸಿವೆ, ಸೊಂಟದ ಕೆಳಗೆ ಇನ್ನು ಜೀವ ಬರುವುದಿಲ್ಲ ಎಂದಿದ್ದಾರೆ ಡಾಕ್ಟರು.

ನನ್ನನ್ನು ಕೆಲಸದಿಂದ ಸದ್ಯಕ್ಕೆ ನಿಲ್ಲಿಸಿದ್ದಾರೆ. ದಡದಲ್ಲಿ ಆಸ್ಪತ್ರೆಗೆ ಹತ್ತಿರ ಒಂದು ಕೋಣೆ ಹಿಡಿದಿದ್ದೇನೆ. ಫೋನ್ ಮಾಡಬೇಡ, ಕಿವಿಗೆ ಅದನ್ನು ಇಟ್ಟುಕೊಳ್ಳಲು ಆಗುತ್ತಿಲ್ಲ. ಬರಿ.

ತಮ್ಮ


ಮಾರ್ಚ್ 13

ಪ್ರೀತಿಯ ತಮ್ಮನಿಗೆ,

ನಿನ್ನ ಕಾಗದ ಬಂತು, ಓದಿದೆ. ನಿನ್ನ ತಪ್ಪಿಲ್ಲ. ಅದನ್ನು ಮಾತ್ರ ತಲೆಯಲ್ಲಿಟ್ಟುಕೊ. ನೀರಿನ ಕೆಲಸದಲ್ಲಿ ಇಂಥದ್ದೆಲ್ಲ ಆಗುತ್ತದೆ ಎಂದು ನೀನೇ ಎಷ್ಟು ಸಲ ಹೇಳಿಲ್ಲ? ಹೊತ್ತಿಗೆ ಸರಿಯಾಗಿ ಊಟ ಮಾಡು. ಕೋಣೆಗೆ ಕಿಟಕಿ ಇದೆಯೇ?

ಒಂದು ವಿಷಯ ಕೇಳಬೇಕು. ಬೆಳಗಿನ ಮುಳುಗನ್ನು ನಿಮ್ಮ ಹಾಳೆಯಲ್ಲೂ ಇನ್ನೊಮ್ಮೆ ತುಂಬಿದ್ದೆಯಾ, ಅಥವಾ ಉತ್ತರದ ಹಾಳೆಯಲ್ಲಿ ಮಾತ್ರ ಇತ್ತೇ? ಸುಮ್ಮನೆ ತಿಳಿದುಕೊಳ್ಳೋಣವೆಂದು ಕೇಳಿದೆ. ಬೇರೆ ಏನಿಲ್ಲ.

ನಿನ್ನ ಅಕ್ಕ


ಮಾರ್ಚ್ 20

ಅಕ್ಕಾ,

ನೀನು ಸುಮ್ಮನೆ ಕೇಳುವವಳಲ್ಲ. ಬಿಡಿಸಿ ಹೇಳಲು ಮನಸ್ಸಾಗದೆ ಹಾಗೆ ಬರೆದಿದ್ದೀಯ ಎಂದು ಅರ್ಥವಾಯಿತು.

ಇಲ್ಲ, ಎರಡೂ ಕಡೆ ತುಂಬಿರಲಿಲ್ಲ. ತುಂಬಬೇಕೆಂದು ನನಗೆ ಗೊತ್ತಿರಲಿಲ್ಲ. ನಿನ್ನೆ ಅಪಘಾತದ ವಿಚಾರಣೆಯವರು ಪ್ರೋಗ್ರಾಮಿನ ಕೈಪಿಡಿಯನ್ನು ನನ್ನ ಮುಂದಿಟ್ಟರು. ಒಬ್ಬನೇ ಮನುಷ್ಯ ಎರಡು ಬಾರ್ಜಿನಿಂದ ಇಳಿದರೆ ಎರಡನ್ನೂ ಒಂದೇ ಹಾಳೆಯಲ್ಲಿ ತುಂಬತಕ್ಕದ್ದು ಎಂದು ಹನ್ನೊಂದನೇ ಪುಟದಲ್ಲಿ ಸ್ಪಷ್ಟವಾಗಿದೆ. ನಾನು ಆ ಪುಟವನ್ನು ಓದಿದ ನೆನಪೇ ಇಲ್ಲ. ಓದಿ ಮರೆತೆನೇನೋ. ನನ್ನ ಅಕ್ಕ ಬರೆದ ಪ್ರೋಗ್ರಾಮಿನ ಕೈಪಿಡಿಯನ್ನೇ ಸರಿಯಾಗಿ ಓದದವನು ಇನ್ನೊಬ್ಬನ ನಿಮಿಷ ಎಣಿಸಲು ಹೊರಟಿದ್ದೆ.

ಓದಿರಲಿಲ್ಲ ಎಂದು ಒಪ್ಪಿಕೊಂಡು ಸಹಿ ಹಾಕಿದೆ. ನಿನಗೆ ನನ್ನಿಂದ ಕೆಟ್ಟ ಹೆಸರು ಬರದಿರಲಿ. ಅಕ್ಕ ತಮ್ಮ ಎಂದು ಅಲ್ಲಿ ಯಾರಿಗೂ ಹೇಳಿಲ್ಲ.

ಕೋಣೆಗೆ ಕಿಟಕಿ ಇದೆ. ಆಸ್ಪತ್ರೆಯ ಹಿಂಗೋಡೆ ಕಾಣುತ್ತದೆ.

ತಮ್ಮ


ಏಪ್ರಿಲ್ 4

ತಮ್ಮಾ,

ಎರಡು ಸಲ ಬರೆದು ಹರಿದೆ. ಆಫೀಸಿನಲ್ಲಿ ಕೆಲಸ ಜಾಸ್ತಿ. ಸಹಿ ಹಾಕುವ ಮುಂಚೆ ನನಗೊಂದು ಮಾತು ಬರೆದಿದ್ದರೆ ಚೆನ್ನಾಗಿತ್ತು. ಆದದ್ದು ಆಯಿತು.

ಒಂದು ಕಂಬಳಿ ಕಳಿಸಿದ್ದೇನೆ, ಬೂದು ಬಣ್ಣದ್ದು. ತೊಳೆಯುವಾಗ ಬಿಸಿ ನೀರು ಹಾಕಬೇಡ, ಕುಗ್ಗುತ್ತದೆ. ಕೊಕ್ಕರೆ ಹೇಗಿದ್ದಾನೆ? ಅವನ ಹೆಂಡತಿ ಅಂಗಡಿ ತೆರೆಯುತ್ತಿದ್ದಾಳೆಯೇ? ನನಗೆ ಅವರ ವಿಷಯ ಎಲ್ಲ ಬರಿ, ಏನನ್ನೂ ಬಿಡಬೇಡ.

ದಿನ ಕಳೆದಂತೆ ಎಲ್ಲ ಒಂದು ದಾರಿಗೆ ಬರುತ್ತದೆ.

ಅಕ್ಕ


ಏಪ್ರಿಲ್ 22

ಅಕ್ಕಾ,

ಎಲ್ಲ ಬರಿ ಎಂದಿದ್ದೀಯ, ಬರೆಯುತ್ತೇನೆ.

ನನ್ನ ಪರವಾನಗಿ ರದ್ದಾಯಿತು. ಇನ್ನು ಯಾವ ಮುಳುಗುಗಾರನಿಗೂ ಮೇಲೆ ನಿಲ್ಲುವ ಹಾಗಿಲ್ಲ. ಹಗ್ಗ ಮಾರುವ ಉಗ್ರಾಣವೊಂದರಲ್ಲಿ ಸುರುಳಿ ಹೊರುವ ಕೆಲಸ ಸಿಕ್ಕಿದೆ.

ಕೊಕ್ಕರೆಯನ್ನು ದಿನಾ ಸಂಜೆ ನೋಡಿ ಬರುತ್ತಿದ್ದೆ. ಬೆನ್ನಿಗೆ ಹಾಸಿಗೆ ಹುಣ್ಣಾಗಿದೆ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಹೆಂಡತಿ ಒಂದು ಕಡೆ ಹಿಡಿದರೆ ನಾನೊಂದು ಕಡೆ ಹಿಡಿಯುತ್ತಿದ್ದೆ. ಅವನು ತಮಾಷೆ ಬಿಟ್ಟಿರಲಿಲ್ಲ. ಈಗ ಷರಾಯಿ ಸರಿಯಾಗಿ ಆಗುತ್ತೆ, ಕಾಲಿಗೆ ಉದ್ದ ಗಿಡ್ಡ ಒಂದೂ ಗೊತ್ತಾಗಲ್ಲ ಎನ್ನುತ್ತಿದ್ದ. ಆಕೆ ಎದ್ದು ಹೊರಗೆ ಹೋಗುತ್ತಿದ್ದಳು.

ಮೊನ್ನೆ ಆಕೆ ಇಲ್ಲದಾಗ ನನ್ನ ಮಣಿಕಟ್ಟು ಹಿಡಿದುಕೊಂಡ. "ಒಂದೇ ಒಂದು ಕೇಳ್ತೀನಿ, ನಿಜ ಹೇಳು. ಅವತ್ತು ನೀನು ಸರಿಯಾಗಿ ತುಂಬಿದ್ದೆ ತಾನೆ? ಯಂತ್ರ ಕೆಟ್ಟಿತ್ತು ತಾನೆ?"

ಇಲ್ಲ, ಯಂತ್ರ ಸರಿಯಾಗಿತ್ತು, ನಾನು ತುಂಬಿದ್ದು ತಪ್ಪು ಎಂದೆ.

ಅವನು ಬೈಯಲಿಲ್ಲ. ಕೈ ಬಿಟ್ಟು ಮುಖವನ್ನು ಗೋಡೆಯ ಕಡೆ ತಿರುಗಿಸಿದ. ಮೈ ತಿರುಗಿಸಲು ಆಗುವುದಿಲ್ಲವಲ್ಲ, ಮುಖವನ್ನಷ್ಟೇ. ಮಾರನೆಯ ದಿನ ಹೋದಾಗ ಹೆಂಡತಿ ಬಾಗಿಲಲ್ಲೇ ತಡೆದು, ಇನ್ನು ಬರುವುದು ಬೇಡ ಎಂದು ಅವರೇ ಹೇಳಿದ್ದಾರೆ ಎಂದಳು.

ಬಾರ್ಜಿನಲ್ಲಿ ಹೊಸ ಪ್ರೋಗ್ರಾಂ ಬಂದಿದೆಯಂತೆ. ಚೆನ್ನಾಗಿದೆ ಎನ್ನುತ್ತಾರೆ.

ನಿನಗೆ ಏನಾದರೂ ಹೇಳುವುದಿದ್ದರೆ ಬರಿ ಅಕ್ಕಾ. ಬೇಗ ಬರಿ.

ತಮ್ಮ


ಮೇ 2

ತಮ್ಮಾ,

ಏನು ಹೇಳಲಿ? ನೀನು ಅಷ್ಟು ಕಟುವಾಗಿ ತಪ್ಪು ಒಪ್ಪಿಕೊಳ್ಳಬೇಕಾಗಿರಲಿಲ್ಲ. ಕಾಯಿಲೆಯ ಮನುಷ್ಯ, ಮನಸ್ಸು ತಿಳಿಯಾದ ಮೇಲೆ ತಾನೇ ಹೇಳಿ ಕಳಿಸುತ್ತಾನೆ.

ನಮ್ಮ ಮನೆಗೆ ಬಣ್ಣ ಹೊಡೆಸುತ್ತಿದ್ದೇವೆ. ಸಾಮಾನೆಲ್ಲ ನಡುಮನೆಯಲ್ಲಿ ಗುಡ್ಡೆ ಬಿದ್ದಿದೆ, ನಿನ್ನ ಭಾವ ಕನ್ನಡಕ ಹುಡುಕುತ್ತ ದಿನ ಕಳೆಯುತ್ತಿದ್ದಾರೆ. ಪಕ್ಕದ ಮನೆಯ ಬೆಕ್ಕು ಹಸಿ ಬಣ್ಣದ ಮೇಲೆ ಓಡಾಡಿ ಮೆಟ್ಟಿಲ ತುಂಬ ಹಳದಿ ಹೆಜ್ಜೆ. ನೀನಿದ್ದಿದ್ದರೆ ನಗುತ್ತಿದ್ದೆ. ಕಂಬಳಿ ತಲುಪಿತೇ?

ಅಕ್ಕ


ಮೇ 20

ತಮ್ಮಾ,

ನಿನ್ನ ಕಾಗದವಿಲ್ಲ. ಮೈ ಹುಷಾರಿದೆಯೇ? ಬಣ್ಣದ ಕೆಲಸ ಮುಗಿಯಿತು. ನಿನಗೆ ಒಂದು ವಿಷಯ ಹೇಳಬೇಕು ಎಂದುಕೊಂಡಿದ್ದೆ. ಇರಲಿ, ನಿಧಾನವಾಗಿ ಬರೆಯುತ್ತೇನೆ.

ಅಕ್ಕ


ಜೂನ್ 3

ಕೊಕ್ಕರೆ ಇವತ್ತು ಬೆಳಗ್ಗೆ ತೀರಿಕೊಂಡ. ಹುಣ್ಣಿನ ನಂಜು ರಕ್ತಕ್ಕೆ ಏರಿತ್ತು.

ತಮ್ಮ


ಜೂನ್ 8

ತಮ್ಮಾ,

ನಿನ್ನ ಎರಡು ಸಾಲು ಇವತ್ತು ಬೆಳಗ್ಗೆ ಬಂತು. ಇದನ್ನು ಮಾರ್ಚ್ ತಿಂಗಳಲ್ಲೇ ಬರೆಯಬೇಕಾಗಿತ್ತು.

ನೀನು ತುಂಬಿದ್ದು ಸರಿಯಾಗಿತ್ತು. ತಪ್ಪು ನನ್ನದು.

ಮೊದಲ ಪ್ರೋಗ್ರಾಮಿನಲ್ಲಿ ಪಟ್ಟಿ ಒಂದೇ ಇತ್ತು, ಉಳಿಕೆ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ನಡೆದುಕೊಂಡು ಹೋಗುತ್ತಿತ್ತು. ಎರಡು ಬಾರ್ಜು ಬಂದಾಗ ನಾನು ಪಟ್ಟಿಯನ್ನು ಎರಡಾಗಿ ಸೀಳಿ, ಒಂದೊಂದಕ್ಕೂ ಅದೇ ಫಂಕ್ಷನ್ ಹಚ್ಚಿದೆ. ಹಚ್ಚುವಾಗ ಎರಡೂ ಪಟ್ಟಿಗಳು ಸೊನ್ನೆಯಿಂದ ಶುರುವಾಗುತ್ತವೆ. ಉತ್ತರದ ಪಟ್ಟಿಯ ಕೊನೆಯಲ್ಲಿ ಕೊಕ್ಕರೆಯ ಮೈಗಾಳಿ ಎಷ್ಟಿತ್ತೋ ಅದು ಅಲ್ಲೇ ಬಿದ್ದುಹೋಯಿತು. ದಕ್ಷಿಣದ ಪಟ್ಟಿಗೆ ಅವನು ಅವತ್ತು ಆಗಷ್ಟೇ ಮೊದಲ ಸಲ ನೀರಿಗಿಳಿದ ಮನುಷ್ಯ. ಪಟ್ಟಿಯನ್ನು ಬಾರ್ಜಿನ ಲೆಕ್ಕದಲ್ಲಿ ಸೀಳದೆ ಮನುಷ್ಯನ ಲೆಕ್ಕದಲ್ಲಿ ಸೀಳಿದ್ದರೆ ಅದು ಏಳು ನಿಮಿಷ ಅಲ್ಲ, ಮೂವತ್ತೇಳು ನಿಮಿಷ ಎಂದು ಹೇಳುತ್ತಿತ್ತು. ಒಬ್ಬನೇ ಮನುಷ್ಯ ಒಂದೇ ದಿನ ಎರಡೂ ಕಡೆ ಇಳಿಯಬಹುದು ಎಂಬುದು ನನಗೆ ಹೊಳೆಯಲೇ ಇಲ್ಲ. ಹೊಳೆಯುವಷ್ಟು ಹೊತ್ತು ನಾನು ಕೂರಲಿಲ್ಲ. ನಾಲ್ಕು ದಿನದಲ್ಲಿ ಮುಗಿಸಿದೆ ಎಂದು ಹೊಗಳಿಸಿಕೊಂಡೆ.

ನಿನ್ನ ಮಾರ್ಚ್ ಕಾಗದ ಓದಿದ ಅರ್ಧ ಗಂಟೆಯಲ್ಲಿ ನನಗೆ ಇದು ಗೊತ್ತಾಯಿತು. ಮುಖ್ಯಸ್ಥರ ಬಳಿ ಹೋದೆ. ಅವರು ಬಾಗಿಲು ಹಾಕಿಸಿ, ವಕೀಲರು ನೋಡಿಕೊಳ್ಳುತ್ತಾರೆ, ನೀವು ಯಾರಿಗೂ ಏನನ್ನೂ ಬರೆಯಬೇಡಿ ಎಂದರು. ಕೈಪಿಡಿಯ ಹನ್ನೊಂದನೇ ಪುಟವನ್ನು ನೀನು ಓದಿ ಮರೆತದ್ದಲ್ಲ. ಆ ಸಾಲು ಅದರಲ್ಲಿ ಇರಲೇ ಇಲ್ಲ. ಅದನ್ನು ಮಾರ್ಚ್ 12ರಂದು ಸೇರಿಸಿದ್ದು. ಟೈಪ್ ಮಾಡಿದ ಕೈ ನನ್ನದೇ. ಮಾರನೆಯ ದಿನ ನಿನಗೆ ಆ ಪ್ರಶ್ನೆ ಬರೆದೆ. ತುಂಬಿದ್ದೆ ಎಂದು ನೀನು ಹೇಳಿಬಿಟ್ಟರೆ ತಪ್ಪು ಬೇರೆಲ್ಲೋ ಇರಬಹುದು ಎಂಬ ಆಸೆಯಿತ್ತು.

ನಿನಗೆ ಬರೆದರೆ ನೀನು ಅದನ್ನು ವಿಚಾರಣೆಯವರಿಗೆ ತೋರಿಸುತ್ತೀಯ ಎಂದು ಹೆದರಿದೆ. ಆಮೇಲೆ ನೀನೇ ಸಹಿ ಹಾಕಿದೆ, ಇನ್ನು ಹೇಳಿ ಏನು ಪ್ರಯೋಜನ ಎಂದುಕೊಂಡೆ. ಆಮೇಲೆ ಬಣ್ಣ ಹೊಡೆಸಿದೆ. ನಮ್ಮ ಗೋಡೆಗಳಿಗೆ ಬಣ್ಣವೇನೂ ಬೇಕಿರಲಿಲ್ಲ.

ಎಲ್ಲವನ್ನೂ ಬರೆದು ವಿಚಾರಣೆಯವರಿಗೆ ಕೊಡುತ್ತೇನೆ. ನಿನ್ನ ಕ್ಷಮೆ ಕೇಳುವ ಮುಖ ನನಗಿಲ್ಲ.

ಅಕ್ಕ


ಜೂನ್ 9

ಅಕ್ಕಾ,

ಇದು ಕೋಪದಲ್ಲಿ ಬರೆಯುತ್ತಿರುವುದಲ್ಲ. ಕೋಪ ಬರಲಿ ಎಂದು ಕಾದೆ, ಬರಲಿಲ್ಲ.

ನನಗೆ ಏಪ್ರಿಲ್ ಹದಿನೈದರಿಂದಲೇ ಗೊತ್ತಿತ್ತು. ಬಾರ್ಜಿನ ಅಡುಗೆಯವನು ದಡಕ್ಕೆ ಬಂದಾಗ ಹೇಳಿದ, ಹೊಸ ಪ್ರೋಗ್ರಾಮಿನಲ್ಲಿ ಆ ಬಾರ್ಜಿನಿಂದ ಈ ಬಾರ್ಜಿಗೆ ಬಂದವರಿಗೆ ಇದ್ದಕ್ಕಿದ್ದ ಹಾಗೆ ನಿಮಿಷ ಜಾಸ್ತಿ ತೋರಿಸುತ್ತಿದೆ, ಎಲ್ಲರೂ ಬೈಕೊಳ್ಳುತ್ತಿದ್ದಾರೆ ಅಂತ. ಎರಡನ್ನೂ ಒಂದೇ ಹಾಳೆಯಲ್ಲಿ ತುಂಬಿದಾಗಲೋ ಎಂದು ಕೇಳಿದೆ. ಇಲ್ಲ, ಬೇರೆ ಬೇರೆ ಹಾಳೆಯಲ್ಲೇ ಎಂದ. ಕೋಣೆಗೆ ಹೋಗಿ, ಬಾರ್ಜಿನಿಂದ ತಂದಿದ್ದ ಹಳೆಯ ಪುಸ್ತಕ ತೆಗೆದು ಪೆನ್ಸಿಲಿನಲ್ಲಿ ಲೆಕ್ಕ ಹಾಕಿದೆ. ಮೂವತ್ತೇಳು ಬಂತು. ಉಳಿಕೆ ಬಿಟ್ಟು ಹಾಕಿದೆ. ಏಳು ಬಂತು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ದಾಟಬೇಕು ಎಂದು ನನಗೆ ಬರೆದು ತಿಳಿಸಿದವಳು ನೀನೇ.

ಕೊಕ್ಕರೆ ನನ್ನ ಮಣಿಕಟ್ಟು ಹಿಡಿದು ಕೇಳಿದ ದಿನ ನನಗೆ ಎಲ್ಲ ಗೊತ್ತಿತ್ತು. ನಿಜ ಹೇಳು ಎಂದ. ಹೇಳಿದ್ದರೆ ನಿನ್ನನ್ನು ಜೈಲಿಗೆ ಹಾಕುತ್ತಿದ್ದರೋ ಏನೋ ನನಗೆ ತಿಳಿಯದು. ಹೇಳಬೇಕಾದವಳು ನೀನು, ನೀನೇ ಹೇಳಲಿ, ಹೇಳಿಯೇ ಹೇಳುತ್ತೀಯ ಎಂದು ನಂಬಿದ್ದೆ. ಅಲ್ಲಿಯವರೆಗೆ ನನ್ನ ಮೇಲಿರಲಿ ಎಂದುಕೊಂಡೆ. ಬೇಗ ಬರಿ ಎಂದೆ. ಎರಡು ಕಾಗದ ಬಂದವು. ಒಂದರಲ್ಲಿ ಬೆಕ್ಕು ಇತ್ತು.

ತನ್ನನ್ನು ಕೊಂದವನು ನಾನೇ ಎಂದು ತಿಳಿದುಕೊಂಡೇ ಅವನು ಹೋದ. ಆರು ವರ್ಷ ಅವನ ಉಸಿರು ಕೇಳಿದವನು ನಾನು, ಕೊನೆಯದನ್ನು ಕೇಳಲು ಬಿಡಲಿಲ್ಲ.

ಬರಬೇಡ.

ತಮ್ಮ


ಜೂನ್ 30

ತಮ್ಮಾ,

ನಮ್ಮ ಕಾಗದಗಳು ದಾರಿಯಲ್ಲಿ ಒಂದನ್ನೊಂದು ದಾಟಿ ಹೋಗಿವೆ. ನನ್ನದು ಎಂಟನೇ ತಾರೀಕಿನದು, ಲಕೋಟೆಯ ಮುದ್ರೆ ನೋಡು. ನೀನು ಹೇಳಿದ ಮೇಲೆ ಹೇಳಿದ್ದಲ್ಲ. ಇದನ್ನು ಬರೆಯಲೂ ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ.

ವಿಚಾರಣೆಯವರ ಮುಂದೆ ಎಲ್ಲ ಹೇಳಿದೆ. ಹಳೆಯ ಕೈಪಿಡಿ, ಹೊಸ ಕೈಪಿಡಿ, ಎರಡನ್ನೂ ಕೊಟ್ಟೆ. ನಿನ್ನ ಪರವಾನಗಿ ವಾಪಸ್ಸು ಬರುತ್ತದೆ. ನನ್ನ ಕೆಲಸ ಹೋಯಿತು. ಮುಂದೆ ಏನು ಮಾಡುತ್ತಾರೋ ತಿಳಿಯದು, ಏನು ಮಾಡಿದರೂ ಸರಿ.

ನೀನು ಬರಬೇಡ ಎಂದಿದ್ದೆ, ಆದರೆ ವಿಚಾರಣೆ ನಿನ್ನ ಊರಿನಲ್ಲೇ ಇತ್ತು. ದರ್ಜಿಯ ಅಂಗಡಿ ಹುಡುಕಿಕೊಂಡು ಹೋದೆ. ಆಕೆ ಯಾರದೋ ಕೋಟಿನ ಹೊಲಿಗೆ ಬಿಚ್ಚುತ್ತಿದ್ದಳು. ನಾನು ಯಾರು, ಏನು ಮಾಡಿದೆ ಎಂದು ನಿಂತಲ್ಲೇ ಹೇಳಿದೆ. ಆಕೆ ತಲೆ ಎತ್ತದೆ ಬಿಚ್ಚುತ್ತಲೇ ಇದ್ದಳು. ತೋಳು ಪೂರ್ತಿ ಬೇರೆಯಾದ ಮೇಲೆ ಕೇಳಿದಳು, "ನಿಮ್ಮ ತಮ್ಮನಿಗೆ ಇದು ಗೊತ್ತಿತ್ತಾ?"

ಗೊತ್ತಿತ್ತು ಎಂದೆ.

"ಮತ್ತೆ ಅವರು ಯಾಕೆ ತಾನೇ ಮಾಡಿದ್ದು ಅಂದ್ರು?"

"ನನಗೋಸ್ಕರ," ಅಂದೆ.

ಆಕೆ ಕತ್ತರಿ ಕೆಳಗಿಟ್ಟಳು. "ಹೋಗಿ ಇಲ್ಲಿಂದ," ಅಂದಳು. ಜೋರಾಗಿ ಹೇಳಲಿಲ್ಲ.

ರೈಲಿಗೆ ಹೊತ್ತಿತ್ತು. ನಿನ್ನ ಉಗ್ರಾಣದ ಎದುರಿನ ಕಾಲುದಾರಿಯಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ. ನೀನು ಹಗ್ಗದ ಸುರುಳಿಯನ್ನು ಹೆಗಲ ಮೇಲೆ ಹೊತ್ತು ಹೊರಗೆ ಬಂದೆ, ಲಾರಿಗೆ ಹಾಕಿ ಒಳಗೆ ಹೋದೆ. ಮೂರು ಸಲ. ತುಂಬ ಇಳಿದುಹೋಗಿದ್ದೀಯ. ಕೂಗಲಿಲ್ಲ.

ಅಕ್ಕ


ಜುಲೈ 18

ಅಕ್ಕಾ,

ಪರವಾನಗಿ ಬಂತು. ಮೇಜಿನ ಖಾನೆಯಲ್ಲಿಟ್ಟಿದ್ದೇನೆ. ಆ ಕೆಲಸಕ್ಕೆ ಹೋಗುವುದಿಲ್ಲ.

ಹೋದ ಭಾನುವಾರ ಕೊಕ್ಕರೆಯ ಹೆಂಡತಿ ನನ್ನ ಕೋಣೆಗೆ ಬಂದಿದ್ದಳು. ಇದ್ದ ಒಂದೇ ಕುರ್ಚಿ ಕೊಟ್ಟೆ, ಕೂರಲಿಲ್ಲ. ನೀನು ಬಂದು ಹೇಳಿದ್ದನ್ನು ಹೇಳಿದಳು. ಆಮೇಲೆ ಕಿಟಕಿಯ ಕಡೆ ನೋಡುತ್ತ, "ನಾನೂ ಒಂದು ಹೇಳಬೇಕು," ಎಂದಳು.

"ಹೋಗೋ ಹಿಂದಿನ ಸಂಜೆ ಅವರು ಎರಡು ಸಲ ನಿಮ್ಮನ್ನ ಕೇಳಿದ್ರು. 'ಬಂದನಾ' ಅಂತ. ನಾನು ಹೇಳಿ ಕಳಿಸಲಿಲ್ಲ. ನಿಮ್ಮ ಮೇಲೆ ನನಗೆ ಅಷ್ಟು ಸಿಟ್ಟಿತ್ತು."

ಆ ಸಂಜೆ ನಾನು ಆಸ್ಪತ್ರೆಯ ಎದುರಿನ ಬಸ್ ತಂಗುದಾಣದಲ್ಲೇ ಕೂತಿದ್ದೆ ಅಕ್ಕಾ. ಒಳಗೆ ಬಿಡದಿದ್ದರೂ ದಿನಾ ಅಲ್ಲಿ ಹೋಗಿ ಕೂರುತ್ತಿದ್ದೆ. ರಸ್ತೆ ದಾಟಿದರೆ ಮೆಟ್ಟಿಲು. ಆಕೆಗೆ ಅದನ್ನು ಹೇಳಲಿಲ್ಲ, ಈಗಾಗಲೇ ಆಕೆಗೆ ಸಾಕಷ್ಟಿದೆ. ಯಾಕೆ ಕರೆದನೋ, ಬೈಯುವುದಕ್ಕೋ, ಸುಮ್ಮನೆ ಮಗ್ಗುಲು ಬದಲಿಸಲೋ, ಆಕೆಗೂ ಗೊತ್ತಿಲ್ಲ.

ನೀನು ಬರೆದದ್ದು ಎಂಟಕ್ಕೆ, ಅವನು ಹೋದದ್ದು ಮೂರಕ್ಕೆ. ಲೆಕ್ಕ ಹಾಕಬಾರದು ಎಂದು ಇದ್ದೆ. ಐದು ದಿನ. ಲಕೋಟೆಯ ಮುದ್ರೆ ನೋಡಿದೆ, ನಂಬುತ್ತೇನೆ. ನಂಬಿದರೂ ಆ ಐದು ದಿನದ ತಡ ತಡವೇ. ಅವನು ಮಣಿಕಟ್ಟು ಹಿಡಿದು ಕೇಳಿದ ದಿನ ನಾನು ಹಾಸಿಗೆಯ ಪಕ್ಕದಲ್ಲಿ ನಿಜ ಹೇಳಿಬಿಟ್ಟಿದ್ದರೆ ಐದು ದಿನವೂ ಬೇಕಿರಲಿಲ್ಲ, ಅದೂ ಗೊತ್ತಿದೆ.

ಸದ್ಯಕ್ಕೆ ನನಗೆ ಬರೆಯಬೇಡ. ಲಕೋಟೆಯ ಮೇಲೆ ನಿನ್ನ ಅಕ್ಷರ ಕಂಡರೆ ಬಿಡಿಸಲು ಕೈ ಬರುವುದಿಲ್ಲ. ಯಾವತ್ತಾದರೂ ಬಂದರೆ ನಾನೇ ಮೊದಲು ಬರೆಯುತ್ತೇನೆ.

ಹೋಗುವಾಗ ಆಕೆ ಒಂದು ಕೆಲಸ ಕೇಳಿದಳು. ಮನೆಗೆ ಬಂದಾಗ ಬೇಕಾಗುತ್ತದೆ ಎಂದು ಆಸ್ಪತ್ರೆಯವರು ಮೊದಲೇ ಕೊಟ್ಟಿದ್ದ ಗಾಲಿಕುರ್ಚಿ ಇನ್ನೂ ಮನೆಯಲ್ಲೇ ಇದೆ, ಅವರಿಗೆ ಕೊಟ್ಟು ಬರುತ್ತೀರಾ, ನನಗೆ ಅದನ್ನು ತಳ್ಳಲು ಆಗುವುದಿಲ್ಲ ಎಂದಳು. ನಿನ್ನೆ ತಳ್ಳಿಕೊಂಡು ಹೋದೆ. ಒಂದು ಮೈಲಿ ದಾರಿ. ಎದುರು ಬಂದವರು ಖಾಲಿ ಕುರ್ಚಿಗೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು, ಒಬ್ಬರೂ ಏನೂ ಕೇಳಲಿಲ್ಲ. ಆಸ್ಪತ್ರೆಯ ಗುಮಾಸ್ತೆ ರಿಜಿಸ್ಟರು ತೆಗೆದು ಕೊಕ್ಕರೆಯ ಸಾಲು ಹುಡುಕಿದಳು. ಕೊನೆಯಲ್ಲಿ ಸಂಬಂಧ ಎಂದು ಒಂದು ಖಾನೆ ಇತ್ತು. ಆಕೆ ನನ್ನ ಮುಖ ನೋಡಿ, ಕೇಳದೆಯೇ ಅಣ್ಣ ಎಂದು ಬರೆದು, ಪುಸ್ತಕವನ್ನು ನನ್ನ ಕಡೆ ತಿರುಗಿಸಿದಳು. ತಿದ್ದಲಿಲ್ಲ, ಸಹಿ ಹಾಕಿದೆ.

ಕುರ್ಚಿಯನ್ನು ಗೋಡೆಗೆ ತಾಗಿಸಿ ನಿಲ್ಲಿಸಿ ಎರಡೂ ಗಾಲಿಗೆ ಬ್ರೇಕು ಹಾಕಿದೆ. ಅದರಲ್ಲಿ ಯಾರೂ ಕೂತಿರಲಿಲ್ಲ, ಆದರೂ ಹಾಕಿದೆ.

ತಮ್ಮ